ಸಿ/ಓ ಫಟೀಗ್

(1/8)

ಫೋಟೋ ಜೂಮ್ ಮಾಡಿ ನೋಡಿ. ಆಸ್ಪತ್ರೆಯ ಓಪಿಡಿ ಚೀಟಿ. ಹೆಸರು, ವಯಸ್ಸು, ನಂಬರ್ ಮೇಲೆಲ್ಲ ಕಪ್ಪು ಬಳಿದೀನಿ. ಒಂದೇ ಒಂದು ಸಾಲು ಬಿಟ್ಟಿದೀನಿ. ಡಾಕ್ಟರ್ ಕೈಬರಹ ಅಲ್ವಾ, ನಾನೇ ಓದಿ ಹೇಳ್ತೀನಿ: "ಸಿ/ಓ ಫಟೀಗ್, 6 ತಿಂಗಳಿಂದ."

ಚೀಟಿ ನಮ್ಮ ಅವ್ವಂದು. ಕೇಳಿಯೇ ಹಾಕಿದೀನಿ. "ಹೆಸರು ಹಾಕಬ್ಯಾಡ, ಉಳಿದಿದ್ದು ಏನರ ಬರಕೋ" ಅಂದಳು.

ಈ ಸಲದ ಪದ ಇದೇ, ಫಟೀಗ್. ನಾನು ಮೊದಲು ಓದಿದ್ದು "ಫ್ಯಾಟಿಗ್ಯೂ" ಅಂತ. ನಗಬೇಡಿ, ನಮ್ಮ ಕ್ಲಾಸಿನ ಅರ್ಧ ಜನ ಹಂಗೇ ಓದ್ತಾರೆ. ಸ್ಪೆಲ್ಲಿಂಗ್ ಹಂಗಿದೆ. ಪ್ರೀಮಿಯರ್ ಲೀಗ್ ಅಂತೀವಲ್ಲ, ಆ "ಲೀಗ್" ಹೆಂಗೆ ಮುಗಿಯುತ್ತೋ ಇದೂ ಹಂಗೇ ಮುಗಿಯುತ್ತೆ.

ನನ್ನ ಎರಡನೇ ತಪ್ಪು ಇನ್ನೂ ದೊಡ್ಡದು. ನಾವು ಬಿಕಾಂನವರು. ಸಿ/ಓ ಅಂದ್ರೆ ನಮಗೆ ಗೊತ್ತಿರೋದು ಕೇರ್ ಆಫ್. ಇನ್ವಾಯ್ಸ್ ಮೇಲೆ, ಲಕೋಟೆ ಮೇಲೆ ಬರೆಯೋ ವಿಳಾಸ. ಇಂಥವರು ಇಂಥವರ ಮನೆಯಲ್ಲಿ ಸಿಗ್ತಾರೆ ಅನ್ನೋ ಅರ್ಥ. ಹಂಗಾಗಿ ಕೌಂಟರ್ ಹತ್ತಿರ ನಿಂತು ನರ್ಸ್ ಅಕ್ಕಂಗೆ ಕೇಳಿದೆ, "ಅಕ್ಕಾರ, ಇಲ್ಲಿ ಕೇರ್ ಆಫ್ ಯಾರ ಹೆಸರು ಬರದಾರ?" ಅಂತ.

ಅವರು ನಕ್ಕರು. "ತಮ್ಮಾ, ಅದು ಕೇರ್ ಆಫ್ ಅಲ್ಲ. ಕಂಪ್ಲೇನ್ಸ್ ಆಫ್. ಪೇಷಂಟ್ ಏನು ತ್ರಾಸ ಐತಿ ಅಂತ ಹೇಳತಾರ, ಅದನ್ನ ಬರಿಯೋದು."

ನಾನೂ ನಕ್ಕೆ. ಬಸ್ ಸ್ಟ್ಯಾಂಡ್‌ಗೆ ಬರೋ ಹೊತ್ತಿಗೆ ನಗು ಹೋಗಿತ್ತು. ಯಾಕಂದ್ರೆ ನಾನು ತಪ್ಪಾಗಿ ಓದಿದ್ದು ಒಂಥರಾ ಸರಿಯೇ ಇತ್ತು. ಒಂದು ವರ್ಷದಿಂದ ನಮ್ಮ ಅವ್ವನ ವಿಳಾಸ ಅದೇ ಆಗಿತ್ತು. ಒಂದೇ ಮನೆಯಲ್ಲಿದ್ರೂ ನಮಗೆ ಗೊತ್ತಿರಲಿಲ್ಲ.

(2/8)

ಚೀಟಿಯಲ್ಲಿ ಆರು ತಿಂಗಳು ಅಂತ ಇದೆ. ಅದು ಅವ್ವ ಡಾಕ್ಟರ್ ಮುಂದೆ ಹೆದರಿ ಕಮ್ಮಿ ಮಾಡಿ ಹೇಳಿದ್ದು. ನಿಜವಾಗಿ ಒಂದು ವರ್ಷದ ಮೇಲಾಗಿತ್ತು.

ನಮ್ಮೂರು ಮಲಪನಗುಡಿ. ಹೊಸಪೇಟೆಯಿಂದ ಹಂಪಿಗೆ ಹೋಗೋ ರೋಡಲ್ಲೇ ಸಿಗುತ್ತೆ. ನಿಮ್ಮಲ್ಲಿ ಎಷ್ಟೋ ಜನ ಬೈಕಲ್ಲಿ ಹಂಪಿಗೆ ಹೋಗುವಾಗ ನಮ್ಮೂರು ದಾಟಿ ಹೋಗಿರ್ತೀರಿ. ಸುತ್ತ ಕಾಲುವೆ ನೀರು, ಭತ್ತ, ಕಬ್ಬು, ಬಾಳೆ ತೋಟ. ಅವ್ವ ಬೆಳಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು ಕೂಲಿಗೆ ಹೋಗ್ತಾಳೆ. ಸೀಸನ್ ಇದ್ದಂಗೆ ನಾಟಿ, ಕಸ ತೆಗೆಯೋದು, ಬಾಳೆ ತೋಟದ ಕೆಲಸ. ಸಂಜೆ ಬಂದು ಮತ್ತೆ ಒಲೆ, ಪಾತ್ರೆ, ಬಟ್ಟೆ.

ಅವಳು ದಿನಾ ಅಂತಿದ್ದಳು: "ಯಪ್ಪಾ, ಯಾಕೋ ಭಾಳ ಸುಸ್ತಾಗಕತೈತಿ."

ಅಪ್ಪ: "ದುಡದ್ರ ಸುಸ್ತು ಆಗತೈತಿ, ಮತ್ತೇನಾಗಬೇಕು?"

ಅಜ್ಜಿ: "ನಮ್ಮ ಕಾಲದಾಗ ಒರಳಾಗ ಕುಟ್ಟಿ, ಕಲ್ಲಾಗ ಬೀಸಿ, ಆಮ್ಯಾಲೆ ಹೊಲಕ್ಕ ಹೊಕ್ಕಿದ್ವಿ."

ತಂಗಿ ಏನೂ ಅನ್ನಲಿಲ್ಲ, ಅವಳಿಗೆ ಎಸ್ಸೆಸ್ಸೆಲ್ಸಿ. ನಾನು: "ಸ್ವಲ್ಪ ಮಲಕ್ಕೋ ಯವ್ವ." ಇಷ್ಟಂದು ಇಯರ್‌ಫೋನ್ ಹಾಕ್ಕೊಂಡೆ.

ಅದೇ ದಿನಗಳಲ್ಲಿ ನಮ್ಮ ಇಂಟರ್ನಲ್ಸ್ ಮುಗಿದಿದ್ವು. ನಾನು ಒಂದು ಸ್ಟೋರಿ ಹಾಕಿದ್ದೆ, ನೆನಪಿರಬಹುದು. ಟೇಬಲ್ ಮೇಲೆ ತಲೆ ಇಟ್ಟ ಫೋಟೋ, "ಸೋ ಟೈರ್ಡ್", ಪಕ್ಕದಲ್ಲಿ ಕೆಂಪು ಬ್ಯಾಟರಿ ಎಮೋಜಿ. ನಿಮ್ಮಿಂದ 14 ರಿಪ್ಲೈ ಬಂದಿದ್ವು. "ಟೇಕ್ ರೆಸ್ಟ್ ಬ್ರೋ", "ಏನಾಯ್ತೋ", "ಊಟ ಮಾಡಿದ್ಯಾ". ನಿಜ ಹೇಳ್ತೀನಿ, ಆ ರಾತ್ರಿ ನಾನು ಓದಿ ದಣಿದಿರಲಿಲ್ಲ. ಎರಡು ಗಂಟೆ ತನಕ ರೀಲ್ಸ್ ನೋಡಿದ್ದೆ.

ನನ್ನ ಟೈರ್ಡ್‌ಗೆ 14 ರಿಪ್ಲೈ. ಅವ್ವನ ಸುಸ್ತಿಗೆ ಮನೆಯಲ್ಲಿ ನಾಲ್ಕು ಜನ ಇದ್ದೂ ಒಬ್ಬರೂ "ಏನಾಯ್ತು" ಅಂತ ಕೇಳಿರಲಿಲ್ಲ.

(3/8)

ಆಮೇಲೆ ನಾನು ಕೂತು ಯೋಚನೆ ಮಾಡಿದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಪದ ಇವೆ? ದಣಿವು, ಆಯಾಸ, ಬಳಲಿಕೆ, ಸುಸ್ತು, ಬ್ಯಾಸರ, ಸಾಕಾಗೋದು. ಎಲ್ಲವನ್ನೂ ನಾವು ಈಗ "ಟೈರ್ಡ್" ಅನ್ನೋ ಒಂದೇ ಚೀಲಕ್ಕೆ ತುಂಬ್ತೀವಿ. ಒಂದೊಂದೇ ಹೊರಗೆ ತೆಗೆದು ನೋಡೋಣ.

ದಣಿವು. ನನಗೆ ಬಹಳ ಇಷ್ಟವಾದ ಪದ. ಯಾಕೆ ಗೊತ್ತಾ? ದಣಿ ಅನ್ನೋ ಮಾತಿಗೆ ಎರಡು ಅರ್ಥ. ಒಂದು, ಮೈ ಸೋಲೋದು. ಇನ್ನೊಂದು, ತೃಪ್ತಿ ಆಗೋದು. "ಕಣ್ಣು ದಣಿಯುವಂಗೆ ನೋಡಿದೆ", "ಮನದಣಿಯೆ ಮಾತಾಡಿದ್ವಿ" ಅಂತೀವಲ್ಲ, ಅಲ್ಲಿ ಸೋಲು ಎಲ್ಲಿದೆ? ತುಂಬಿದ ಹಂಗಿದೆ. ಬೆಳಗಿನ ಜಾವ ಹಂಪಿಯ ಮಾತಂಗ ಬೆಟ್ಟ ಹತ್ತಿದ್ದು ನೆನಪು ಮಾಡ್ಕೊಳ್ಳಿ. ಮೇಲೆ ಹೋಗೋ ಹೊತ್ತಿಗೆ ಕಾಲು ದಣಿದಿರುತ್ತೆ. ಸೂರ್ಯ ಎದ್ದ ಮೇಲೆ ಕಣ್ಣು ದಣಿಯುತ್ತೆ. ಎರಡಕ್ಕೂ ಒಂದೇ ಪದ. ಕೆಲಸ ಮುಗಿಸಿ ಕಾಲುವೆ ನೀರಲ್ಲಿ ಕೈಕಾಲು ತೊಳೆದು ಕಟ್ಟೆ ಮೇಲೆ ಕೂತಾಗ ಬರೋದು ಈ ದಣಿವು. ಉಂಡು ಮಲಗಿದ್ರೆ ಬೆಳಗ್ಗೆ ಇರಲ್ಲ.

ಆಯಾಸ. ಇದು ಸಂಸ್ಕೃತದಿಂದ ಬಂದಿದ್ದು. ಮೂಲದಲ್ಲಿ ಶ್ರಮ, ಪ್ರಯತ್ನ ಅನ್ನೋ ಅರ್ಥವೂ ಇದೆ. ಅದಕ್ಕೇ ಸುಲಭವಾಗಿ ಆದ ಕೆಲಸಕ್ಕೆ "ಅನಾಯಾಸ" ಅಂತೀವಿ. ಅಂದ್ರೆ ಆಯಾಸದ ಹಿಂದೆ ಒಂದು ಕೆಲಸ ಇರುತ್ತೆ, ಒಂದು ಕಾರಣ ಇರುತ್ತೆ. ಏನು ಮಾಡಿ ಆಯಾಸ ಆಯ್ತು ಅಂತ ಕೇಳಿದ್ರೆ ಉತ್ತರ ಸಿಗುತ್ತೆ.

ಈ ಎರಡೂ ಒಳ್ಳೇ ದಣಿವು ಅಂತ ನಾನು ಅಂದ್ಕೊಂಡಿದೀನಿ. ದುಡಿದಿದ್ದಕ್ಕೆ ಮೈ ಕೊಡೋ ರಸೀದಿ.

ಈಗ ಅವ್ವನ ಮಾತು ಮತ್ತೊಂದ್ಸಲ ಓದಿ. "ಯಾಕೋ ಭಾಳ ಸುಸ್ತಾಗಕತೈತಿ." ಅವಳು ದಣಿವು ಅನ್ನಲಿಲ್ಲ. ಜೀವನಪೂರ್ತಿ ಹೊಲದಲ್ಲಿ ದುಡಿದ ಹೆಂಗಸಿಗೆ ದಣಿವು ಯಾವುದು ಅಂತ ಗೊತ್ತಿಲ್ವಾ? ಅವಳು "ಯಾಕೋ" ಅಂದಳು. ಕಾರಣ ಗೊತ್ತಾಗ್ತಿಲ್ಲ ಅಂತ ಅವಳು ಸ್ಪಷ್ಟವಾಗಿಯೇ ಹೇಳಿದ್ದಳು. ನಾವೇ ದಣಿವು ಅಂತ ಅನುವಾದ ಮಾಡ್ಕೊಂಡ್ವಿ.

(4/8)

ಸುಸ್ತು. ಇದು ನಮ್ಮದಲ್ಲ, ಪಾರಸಿ ಕಡೆಯಿಂದ ಬಂದ ಪದ. ಅಲ್ಲಿ ಸಡಿಲ, ಬಲ ಇಲ್ಲದ್ದು ಅಂತ ಅರ್ಥ. ಹಿಂದಿಯಲ್ಲಿ "ಸುಸ್ತ್" ಅಂದ್ರೆ ಸೋಮಾರಿ, ಮಂದ. ಕನ್ನಡಕ್ಕೆ ಬಂದು ಆಯಾಸ, ನಿಶ್ಶಕ್ತಿ ಅಂತ ಆಯ್ತು. ಅಂದ್ರೆ ಅಲ್ಲಿ ಬೈಗುಳ, ಇಲ್ಲಿ ನೋವು.

ಆದ್ರೆ ನಮ್ಮ ಕಿವಿಯಲ್ಲಿ ಹಳೇ ಅರ್ಥ ಇನ್ನೂ ಇದೆ ಅಂತ ನನಗೆ ಅನಿಸುತ್ತೆ. ಗಂಡಸು ಸುಸ್ತು ಅಂದ್ರೆ "ಪಾಪ, ದುಡಿದು ಬಂದಾನ" ಅಂತೀವಿ. ಸೊಸೆ ಸುಸ್ತು ಅಂದ್ರೆ? ಇಡೀ ಓಣಿ ಸೋಮಾರಿ ಅಂತ ಕೇಳಿಸ್ಕೊಳ್ಳುತ್ತೆ. ನಿಮ್ಮ ಮನೆಯಲ್ಲಿ ಹಂಗಿಲ್ಲ ಅಂದ್ರೆ ಸಂತೋಷ. ನಮ್ಮ ಮನೆಯಲ್ಲಿ ಹಂಗಿತ್ತು, ಅದಕ್ಕೆ ಬರೀತಿದೀನಿ.

ಬ್ಯಾಸರ. ಇದು ಮೈದಲ್ಲ, ಮನಸ್ಸಿಂದು. ಹೊತ್ತು ಹೋಗದಿದ್ರೂ ಬ್ಯಾಸರ, ಯಾರೋ ಬಿಟ್ಟು ಹೋದ್ರೂ ಬ್ಯಾಸರ. ಮಲಗಿ ಎದ್ರೆ ಹೋಗೋ ಗ್ಯಾರಂಟಿ ಇಲ್ಲ.

ಸಾಕಾಗೋದು. ಇದು ಇನ್ನೂ ಆಚೆಗೆ. ಊಟದಲ್ಲಿ "ಸಾಕು" ಅಂದ್ರೆ ಹೊಟ್ಟೆ ತುಂಬಿದೆ ಅಂತ. ಜೀವನದಲ್ಲಿ "ಸಾಕಾಗೇತಿ" ಅಂದ್ರೆ ಬೇರೆಯೇ ಅರ್ಥ. ಯಾರಾದ್ರೂ ಇದನ್ನ ನಿಧಾನವಾಗಿ, ನಗದೇ ಹೇಳಿದ್ರೆ ಫೋನ್ ಕೆಳಗಿಡಿ.

ನೋಡಿ, ಇಷ್ಟು ಬೇರೆ ಬೇರೆ ಸ್ಥಿತಿ. ಒಂದಕ್ಕೆ ನಿದ್ದೆ ಸಾಕು, ಒಂದಕ್ಕೆ ರಕ್ತ ಪರೀಕ್ಷೆ ಬೇಕು, ಒಂದಕ್ಕೆ ಜೊತೆಗೆ ಕೂರೋ ಮನುಷ್ಯ ಬೇಕು. ಎಲ್ಲದಕ್ಕೂ "ಟೈರ್ಡ್ ಯಾರ್" ಅಂತ ಬರೆದ್ರೆ, ಓದೋನು ಎಲ್ಲದಕ್ಕೂ "ಟೇಕ್ ರೆಸ್ಟ್" ಅಂತಾನೇ ಬರೀತಾನೆ. ಅವನದೂ ತಪ್ಪಿಲ್ಲ.

(5/8)

ಹಂಗಾದ್ರೆ ಇಂಗ್ಲಿಷ್ ಪದಗಳು ಬಡವ, ಕನ್ನಡ ಶ್ರೀಮಂತ ಅಂತ ಹೇಳಿ ಮುಗಿಸಿಬಿಡಲಾ? ಲೈಕ್ ಜಾಸ್ತಿ ಬರ್ತಾವೆ. ಆದ್ರೆ ಅದು ಸುಳ್ಳು. ಫಟೀಗ್ ಅನ್ನೋ ಪದದ ಕಥೆ ಕೇಳಿ.

ಮೂಲ ಲ್ಯಾಟಿನ್, ಫ್ರೆಂಚ್ ಮೂಲಕ ಇಂಗ್ಲಿಷ್‌ಗೆ ಬಂತು. ಸೈನ್ಯದಲ್ಲಿ ಇದಕ್ಕೆ ಬೇರೆ ಅರ್ಥ ಇದೆ. ಎನ್‌ಸಿಸಿ ಕ್ಯಾಂಪಿಗೆ ಹೋದೋರು ಕೈ ಎತ್ತಿ. "ಇವತ್ತು ನಿಮಗೆ ಫಟೀಗ್" ಅಂದ್ರೆ ಏನು? ಕುಕ್‌ಹೌಸಲ್ಲಿ ಆಲೂಗಡ್ಡೆ ಸುಲಿಯೋದು, ಗ್ರೌಂಡ್ ಗುಡಿಸೋದು, ಪಾತ್ರೆ ತೊಳೆಯೋದು. ಕಾಳಗ ಅಲ್ಲದ, ಮೆಡಲ್ ಸಿಗದ, ಆದ್ರೆ ಮಾಡದಿದ್ರೆ ಕ್ಯಾಂಪೇ ನಡೆಯದ ಕೆಲಸ. ಕ್ಯಾಂಪಲ್ಲಿ ಅದು ಸರದಿ ಮೇಲೆ ಬರುತ್ತೆ. ಮನೆಯಲ್ಲಿ ಒಬ್ಬಳಿಗೇ 365 ದಿನ.

ಇಂಜಿನಿಯರಿಂಗ್‌ನಲ್ಲಿ ಇನ್ನೊಂದು ಅರ್ಥ, ಮೆಟಲ್ ಫಟೀಗ್. ಕಬ್ಬಿಣಕ್ಕೂ ದಣಿವು ಆಗುತ್ತೆ. ಒಂದೇ ಸಲಕ್ಕೆ ಭಾರಿ ತೂಕ ಹಾಕಬೇಕಿಲ್ಲ. ತಡೆಯೋವಷ್ಟೇ ಭಾರ, ಆದ್ರೆ ಮತ್ತೆ ಮತ್ತೆ, ಸಾವಿರಾರು ಸಲ. ಒಳಗೆ ಕೂದಲೆಳೆಯಷ್ಟು ಬಿರುಕು ಶುರುವಾಗುತ್ತೆ, ಹೊರಗೆ ಎಲ್ಲ ಸರಿ ಕಾಣುತ್ತೆ. 1954ರಲ್ಲಿ ಬ್ರಿಟನ್ನಿನ ಕಾಮೆಟ್ ಅನ್ನೋ ಜೆಟ್ ವಿಮಾನಗಳು ಎರಡು, ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಒಂದು, ಆಕಾಶದಲ್ಲೇ ಒಡೆದು ಬಿದ್ದವು. ಆಮೇಲೆ ಅಂಥದ್ದೇ ಒಂದು ವಿಮಾನವನ್ನ ನೀರಿನ ಟ್ಯಾಂಕಿನಲ್ಲಿಟ್ಟು ಒತ್ತಡ ಹಾಕಿ ಬಿಟ್ಟು, ಹಾಕಿ ಬಿಟ್ಟು ಪರೀಕ್ಷೆ ಮಾಡಿದ್ರು. ಬಿರುಕು ಬಿಟ್ಟಿತು. ಕಾರಣ ಮೆಟಲ್ ಫಟೀಗ್ ಅಂತ ಗೊತ್ತಾಯ್ತು. ಯಾರೂ "ವಿಮಾನ ನಾಟಕ ಮಾಡ್ತಿದೆ" ಅನ್ನಲಿಲ್ಲ.

ನಮ್ಮ ಟಿಬಿ ಡ್ಯಾಂ ನೋಡಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತು. ಎಪ್ಪತ್ತು ವರ್ಷದ ಗೇಟು. ಆಮೇಲೆ ತಜ್ಞರು ಬಂದು ನೋಡಿ 33 ಗೇಟನ್ನೂ ಬದಲಾಯಿಸಬೇಕು ಅಂದ್ರು. ಆ ವಾರ ಇಡೀ ಹೊಸಪೇಟೆ ಟೀ ಅಂಗಡಿಯಲ್ಲಿ ಒಂದೇ ಮಾತು: "ಮೊದಲ ಚೆಕ್ ಮಾಡಬೇಕಿತ್ತು." ಅಪ್ಪನೂ ಅಂದಿದ್ದ. ನಾನೂ ಸ್ಟೇಟಸ್ ಹಾಕಿದ್ದೆ.

ಗೇಟು ಚೆಕ್ ಮಾಡಬೇಕಿತ್ತು ಅಂತ ನಮಗೆ ಗೊತ್ತಿತ್ತು.

(6/8)

ಅವ್ವನನ್ನ ನಾನು ಹೆಂಗೆ ಗಮನಿಸಿದೆ ಅಂತ ಹೇಳ್ತೀನಿ. ಪ್ರೀತಿಯಿಂದ ಅಲ್ಲ, ಲೆಕ್ಕದಿಂದ.

ಅಕೌಂಟ್ಸ್ ಪ್ರ್ಯಾಕ್ಟೀಸ್ ಆಗಲಿ ಅಂತ ಮನೆ ಖರ್ಚು ನಾನೇ ಬರೀತೀನಿ. ತಿಂಗಳ ಕೊನೆಗೆ ಟೋಟಲ್ ಹಾಕುವಾಗ ಅವ್ವನ ಕೂಲಿ ಕಾಲಂನಲ್ಲಿ "ಅರ್ಧ ದಿನ" ಅಂತ ಐದು ಸಲ ಇತ್ತು. ಹಿಂದಿನ ವರ್ಷ ಅದೇ ತಿಂಗಳು ಒಂದೂ ಇರಲಿಲ್ಲ. ಕೇಳಿದ್ದಕ್ಕೆ, "ನಾಟಿ ಹಚ್ಚುವಾಗ ಕಣ್ಣು ಕತ್ತಲಿ ಬಂದಂಗ ಆಗತೈತಿ, ಬದುವಿನ ಮ್ಯಾಲೆ ಕುಂದರತೀನಿ, ಅರ್ಧ ಕೂಲಿ ಕೊಡತಾರ" ಅಂದಳು, ಅದರಲ್ಲೇನೂ ವಿಶೇಷ ಇಲ್ಲ ಅನ್ನೋ ಹಂಗೆ. ಇನ್ನೊಂದು ನೆನಪಾಯ್ತು. ಅಕ್ಕಿ ಆರಿಸುವಾಗ ಹಸಿ ಅಕ್ಕಿ ಮುಕ್ಕುತ್ತಿದ್ದಳು. ನಾನು, ತಂಗಿ ಸೇರಿ ರೇಗಿಸ್ತಿದ್ವಿ. ರಕ್ತಹೀನತೆ ಇದ್ದಾಗ ಹಿಂಗೆ ಹಸಿ ಅಕ್ಕಿ, ಮಣ್ಣು, ಬಳಪ ತಿನ್ನಬೇಕು ಅನಿಸೋದುಂಟು ಅಂತ ಆಮೇಲೆ ಡಾಕ್ಟರ್ ಹೇಳಿದ್ರು.

ಮೊದಲು ಒಂದು ಕ್ಲಿನಿಕ್ಕಿಗೆ ಹೋಗಿದ್ಲು. ಅಲ್ಲಿ ಗ್ಲುಕೋಸ್ ಬಾಟ್ಲಿ ಏರಿಸಿ ಕಳಿಸಿದ್ರು. ಬಾಟ್ಲಿಯಿಂದ ರಕ್ತ ಹೆಚ್ಚಾಗಲ್ಲ, ಎರಡು ದಿನಕ್ಕೆ ಮತ್ತೆ ಅದೇ. ಹೊಸಪೇಟೆಯ ಇನ್ನೊಂದು ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಎರಡು ಪ್ರಶ್ನೆ ಕೇಳಿದ್ರು, ಮೂರನೆಯದಕ್ಕೆ ನನ್ನನ್ನ ಹೊರಗೆ ನಿಲ್ಲಿಸಿದ್ರು. ಅವ್ವಂಗೆ ಮುಟ್ಟು ಬಂದ್ರೆ ಹತ್ತು ದಿನ ನಿಲ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಇದನ್ನೂ ಬರಿ ಅಂದಿದ್ದು ಅವ್ವನೇ: "ಗಂಡುಹುಡುಗರಿಗೂ ಗೊತ್ತಾಗಲಿ."

ರಕ್ತ ಪರೀಕ್ಷೆ: ಹಿಮೋಗ್ಲೋಬಿನ್ 7.2. ಹೆಂಗಸರಿಗೆ 12ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ. 8ಕ್ಕಿಂತ ಕಮ್ಮಿ ಅಂದ್ರೆ ತೀವ್ರ. ಗರ್ಭಕೋಶದಲ್ಲಿ ಒಂದು ಗಡ್ಡೆ ಇತ್ತು, ಕ್ಯಾನ್ಸರ್ ಅಲ್ಲ. ಐರನ್ ಇಂಜೆಕ್ಷನ್, ಮಾತ್ರೆ ಶುರುವಾಯ್ತು. ಮೂರು ತಿಂಗಳಿಗೆ 10.8ಕ್ಕೆ ಬಂದಿದೆ.

ಮಷೀನ್ ತಗೊಂಡ್ರೆ ಮೊದಲ ವರ್ಷದಿಂದಲೇ ಸವಕಳಿ ಬರೀತೀವಿ. ಮರೆತ್ರೆ ಮಾರ್ಕ್ಸ್ ಕಟ್. ಅವ್ವಂಗೆ ನಮ್ಮ ಪುಸ್ತಕದಲ್ಲಿ ಆ ಕಾಲಂ ಇರಲಿಲ್ಲ.

(7/8)

ಈಗ ನನ್ನ ಅಭಿಪ್ರಾಯ. ಒಪ್ಪದಿದ್ರೆ ಕಮೆಂಟಲ್ಲಿ ಬೈರಿ, ಆದ್ರೆ ಪೂರ್ತಿ ಓದಿ ಬೈರಿ.

ಮೊದಲು ನಾನು ಈ ಪೋಸ್ಟಿಗೆ "ಟೈರ್ಡ್ ಅನ್ನಬೇಡಿ, ಕನ್ನಡದಲ್ಲಿ ಹೇಳಿ" ಅಂತ ಹೆಡ್ಡಿಂಗ್ ಕೊಡೋಣ ಅಂದ್ಕೊಂಡಿದ್ದೆ. ಬರೀತಾ ಬರೀತಾ ಅದು ತಪ್ಪು ಅನಿಸ್ತು. ಯಾಕಂದ್ರೆ ಅವ್ವ ಹೇಳಿದ್ದು ಅಚ್ಚ ನಮ್ಮೂರ ಮಾತಲ್ಲೇ. ದಿನಾ ಹೇಳಿದ್ದಳು. ನಮ್ಮ ಭಾಷೆಯಲ್ಲಿ ಅಷ್ಟು ಪದ ಇದ್ದೂ ಏನೂ ಉಪಯೋಗ ಆಗಲಿಲ್ಲ. ಅಪ್ಪ ಎದ್ದು ನಿಂತಿದ್ದು ಯಾವಾಗ? ಡಾಕ್ಟರ್ ಚೀಟಿ ಮೇಲೆ ಇಂಗ್ಲಿಷ್‌ನಲ್ಲಿ ಬರೆದ ಮೇಲೆ. "ಫಟೀಗ್ ಅಂದ್ರ ಏನಲೇ? ದೊಡ್ಡ ಕಾಯಿಲೇನಾ?" ಅಂತ ಗಾಬರಿ ಆಗಿ ಕೇಳಿದ. "ಸುಸ್ತು ಅಂತ ಅಪ್ಪ" ಅಂದೆ. ಅಪ್ಪ ಸುಮ್ಮನಾದ. ಬಹಳ ಹೊತ್ತು ಮಾತಾಡಲಿಲ್ಲ. ಆವತ್ತಿಂದ ಬೆಳಗ್ಗೆ ನೀರು ತರೋದು ಅಪ್ಪನ ಕೆಲಸ.

ಹಂಗಾಗಿ ತಪ್ಪು ಪದದ್ದಲ್ಲ. ಕೇಳೋರದ್ದು. ಫಟೀಗ್ ಅನ್ನೋ ಪದ ಅವ್ವಂಗೆ ಒಂದು ದೊಡ್ಡ ಉಪಕಾರ ಮಾಡಿತು. ಅವಳ ಗೊಣಗಾಟವನ್ನ "ಕಂಪ್ಲೇಂಟ್" ಮಾಡಿತು. ತಾರೀಖು ಹಾಕಿ, ಎಷ್ಟು ತಿಂಗಳಿಂದ ಅಂತ ಕೇಳಿ, ಬರೆದಿಟ್ಟಿತು. ಮನೆಯಲ್ಲಿ ಸುಸ್ತು ಅನ್ನೋ ಪದಕ್ಕೂ ನಾವು ಅಷ್ಟೇ ಮರ್ಯಾದೆ ಕೊಟ್ಟಿದ್ರೆ ಆಸ್ಪತ್ರೆಯ ಚೀಟಿ ತನಕ ಕಾಯಬೇಕಿರಲಿಲ್ಲ.

ಇನ್ನೊಂದು ಮಾತು. "ಈಗಿನ ಹುಡುಗ್ರು ಏನೂ ಮಾಡದೇ ಟೈರ್ಡ್ ಅಂತಾರೆ" ಅಂತ ದೊಡ್ಡವರು ಬೈತಾರೆ. ನಾನು ಅವರ ಪಾರ್ಟಿ ಅಲ್ಲ. ಬೆಳಗ್ಗೆ ಕಾಲೇಜು, ಸಂಜೆ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ, ರಾತ್ರಿ ಅಸೈನ್‌ಮೆಂಟ್ ಮಾಡೋ ಗೆಳೆಯರು ನಮ್ಮ ಕ್ಲಾಸಲ್ಲೇ ಇದಾರೆ. ಅವರ ದಣಿವು ನಿಜ. ನಾವು ಟೈರ್ಡ್ ಅನ್ನೋದು ತಪ್ಪಲ್ಲ. ನಮ್ಮ ಟೈರ್ಡ್ ಮಾತ್ರ ಟೈರ್ಡ್, ಅವ್ವಂದಿರ ಸುಸ್ತು ಬರೀ ರಾಗ ಅಂದ್ಕೊಳ್ಳೋದು ತಪ್ಪು.

ಇದು ನಮ್ಮ ಮನೆ ಕಥೆ ಮಾತ್ರ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ 57 ಜನಕ್ಕೆ ರಕ್ತಹೀನತೆ. ಕರ್ನಾಟಕದಲ್ಲೂ ಅರ್ಧಕ್ಕೆ ಹತ್ತಿರ. ನಮ್ಮ ಕ್ಲಾಸಲ್ಲೇ ಹುಡುಗಿಯರು ಎಷ್ಟಿದಾರೆ ಎಣಿಸಿ, ಅರ್ಧ ಮಾಡಿ. ಇದಕ್ಕೆ ಕ್ಯಾಲ್ಕುಲೇಟರ್ ಬೇಡ.

(8/8)

ಕೊನೆ ಪೋಸ್ಟ್. ನಾಲ್ಕು ಮಾತು ಹೇಳಿ ಮುಗಿಸ್ತೀನಿ.

ಒಂದು. ಇವತ್ತು ಮನೆಗೆ ಹೋಗಿ ಅವ್ವಂಗೋ, ಅಜ್ಜಿಗೋ, ಅಕ್ಕಂಗೋ ಕೇಳಿ: "ದಣಿವೋ, ಸುಸ್ತೋ, ಬ್ಯಾಸರಾನೋ?" ಮೊದಲು ನಗ್ತಾರೆ. "ಏನಾಗೇತೋ ನಿನಗ" ಅಂತಾರೆ. ಎರಡನೇ ಸಲ ಕೇಳಿ. ಉತ್ತರ ಬರೋದು ಎರಡನೇ ಸಲಕ್ಕೇ.

ಎರಡು. ಮಲಗಿ ಎದ್ರೂ ಹೋಗದ ಸುಸ್ತು, ಮೆಟ್ಟಿಲು ಹತ್ತಿದ್ರೆ ಏದುಸಿರು, ಕಣ್ಣು ಕತ್ತಲೆ, ಹಸಿ ಅಕ್ಕಿ ತಿನ್ನೋದು, ಇವು ಕಂಡ್ರೆ ರಕ್ತ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಮಾಡ್ತಾರೆ, ಐರನ್ ಮಾತ್ರೆಯೂ ಅಲ್ಲೇ ಸಿಗುತ್ತೆ. ಆದ್ರೆ ಸುಸ್ತಿಗೆಲ್ಲ ರಕ್ತ ಕಮ್ಮಿನೇ ಕಾರಣ ಅಂತ ನೀವೇ ತೀರ್ಮಾನ ಮಾಡಬೇಡಿ. ಥೈರಾಯ್ಡ್, ಶುಗರ್, ಟಿಬಿ, ಇವುಗಳಲ್ಲೂ ಸುಸ್ತು ಬರುತ್ತೆ. ಡಾಕ್ಟರ್ ನೋಡಲಿ. ಮಾತ್ರೆ ತಗೊಂಡ ತಕ್ಷಣ ಚಹಾ ಕುಡಿಯಬಾರದು, ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತಲ್ಲ. ನಿಂಬೆಹಣ್ಣಿನ ರಸ ಒಳ್ಳೇದು. ನಮ್ಮ ಮನೆಯಲ್ಲಿ ದೊಡ್ಡ ಜಗಳ ಆಗಿದ್ದು ಈ ಚಹಾದ ಮೇಲೇ.

ಮೂರು. ಬ್ಯಾಸರ ವಾರಗಟ್ಟಲೆ ಹೋಗದಿದ್ರೆ, ಯಾರಾದ್ರೂ "ಸಾಕಾಗೇತಿ" ಅಂತ ಸುಮ್ಮನಾದ್ರೆ, ಅದಕ್ಕೆ ರೆಸ್ಟ್ ಮದ್ದಲ್ಲ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ನನಗೆ ಮೆಸೇಜ್ ಮಾಡಿದ್ರೂ ಆಯ್ತು, ನಾನು ಡಾಕ್ಟರ್ ಅಲ್ಲ, ಆದ್ರೆ "ಟೇಕ್ ರೆಸ್ಟ್ ಬ್ರೋ" ಅನ್ನಲ್ಲ.

ನಾಲ್ಕು. ಮನೆ ಫಟೀಗ್ ಡ್ಯೂಟಿಗೆ ಸರದಿ ಹಾಕಿ. ನಮ್ಮಲ್ಲಿ ಪಾತ್ರೆ ನಂದು, ಬಟ್ಟೆ ತಂಗಿದು, ನೀರು ಅಪ್ಪಂದು. ಮೊದಲ ವಾರ ನಾನು ತೊಳೆದ ಪಾತ್ರೆಯನ್ನ ಅವ್ವ ಕದ್ದು ಮತ್ತೊಂದ್ಸಲ ತೊಳೀತಿದ್ದಳು. ಈಗ ಬಿಟ್ಟಿದಾಳೆ. ನಾನು ಕಲಿತೆನೋ, ಅವಳಿಗೆ ಸಾಕಾಯ್ತೋ ಗೊತ್ತಿಲ್ಲ.

ಕೊನೇ ಫೋಟೋ ಮೊನ್ನೆದು. ಕೆಲಸದಿಂದ ಬಂದು ಅವ್ವ ಕಟ್ಟೆ ಮೇಲೆ ಕೂತಿದಾಳೆ, ಮುಖ ಕಾಣಲ್ಲ, ಕಾಲು ಮಾತ್ರ. ಕೆಸರು ಇನ್ನೂ ಒಣಗಿಲ್ಲ. "ಸುಸ್ತೇನವ್ವಾ?" ಅಂದೆ.

ಸ್ವಲ್ಪ ಯೋಚನೆ ಮಾಡಿ ಹೇಳಿದಳು: "ಇಲ್ಲಪ. ಇವತ್ತು ಬರೇ ದಣಿವು."

ಸೇವ್ ಮಾಡ್ಕೊಳ್ಳಿ, ಮನೆಯವರಿಗೆ ಓದಿ ಹೇಳಿ. ಮುಂದಿನ ಪದ ಯಾವುದು ಬೇಕು ಅಂತ ಕಮೆಂಟಲ್ಲಿ ಬರೀರಿ.

#ಮಲಪನಗುಡಿ #ಹೊಸಪೇಟೆ #ಈಸಲದಪದ #ದಣಿವೋಸುಸ್ತೋ